ಠುಸ್ ಆದ ಮೂರನೇ ಗುಂಡು

ಬಂದೂಕಿನ ಮೇಲೆ ನನಗೆ ಭಕ್ತಿಯಿರಲಿಲ್ಲ. ಆಮರ್ಸ್‌ಫೋರ್ಟಿನ ಶೂಟಿಂಗ್ ಕ್ಲಬ್ಬಿಗೆ ಸೇರಿದ್ದು ಆಫೀಸಿನ ಗೆಳೆಯ ಮಂಜನ ಕಾಟಕ್ಕೆ. ಡಚ್ಚರ ಈ ದೇಶದಲ್ಲಿ ಪಿಸ್ತೂಲನ್ನು ಸೊಂಟದಲ್ಲಿ ಬಚ್ಚಿಟ್ಟುಕೊಂಡು ತಿರುಗುವಂತಿಲ್ಲ. ಕ್ಲಬ್ಬಿನಲ್ಲಿ ಹಾರಿಸಿ, ಅಲ್ಲೇ ವಾಪಸ್ ಕೊಟ್ಟು ಮನೆಗೆ ಹೋಗಬೇಕು.

ಮೊದಲ ದಿನ ಮೂರನೇ ಗುಂಡು ಹಾರಲಿಲ್ಲ, ಬರೀ ಟಿಕ್ ಅಂತು. ದೀಪಾವಳಿಯಲ್ಲಿ ಠುಸ್ ಆದ ಪಟಾಕಿಯನ್ನು ಬಗ್ಗಿ ನೋಡಿ ಬೆಳೆದವನು ನಾನು. ಪಿಸ್ತೂಲು ಹಿಡಿದೇ ಹಿಂದೆ ತಿರುಗಿ, "ಇದು ಕೆಲಸ ಮಾಡ್ತಿಲ್ಲ" ಅಂದೆ. ನಳಿಕೆ ತನ್ನತ್ತ ತಿರುಗಿದ್ದು ಕಂಡು ಮಂಜ ನೆಲಕ್ಕೆ ಬಿದ್ದ. ತರಬೇತಿ ಕೊಡುವ ಆನ್ಕೆ, ಎಪ್ಪತ್ತರ ಹೆಂಗಸು, ನನ್ನ ಮಣಿಕಟ್ಟು ಹಿಡಿದು ಗುರಿಯತ್ತ ತಿರುಗಿಸಿದರು.

"ಅದು ತಡವಾಗಿಯೂ ಸಿಡಿಯಬಹುದು. ಗುರಿಯ ಕಡೆಗೇ ಹಿಡಿದು ಮೂವತ್ತು ಎಣಿಸಿ, ಇನ್ನೊಂದು ಕೈ ಎತ್ತಿ ನನ್ನನ್ನು ಕರೆಯಿರಿ. ಮತ್ತೊಮ್ಮೆ ತಿರುಗಿದರೆ ನೀವು ಇಲ್ಲಿಗೆ ಬರೋದೇ ಬೇಡ."

"ಲೋ, ನಂಗಿನ್ನೂ ಮದ್ವೆ ಆಗಿಲ್ಲ ಕಣೋ" ಅಂದ ಮಂಜ, ನೆಲದಿಂದಲೇ.

ಆಮೇಲೆ ಪ್ರತಿ ವಾರ ಆನ್ಕೆ ಅಭ್ಯಾಸಕ್ಕೆಂದು ನನಗೆ ತಿಳಿಯದಂತೆ ಮದ್ದಿಲ್ಲದ ಗುಂಡುಗಳನ್ನು ಬೆರೆಸಿಡುತ್ತಿದ್ದರು. ತಿರುಗುವುದನ್ನೇನೋ ಬಿಟ್ಟೆ. ಆದರೆ ಟಿಕ್ ಅಂದಾಗಲೆಲ್ಲ, ಬಾರದ ಸದ್ದಿಗೆ ಬೆಚ್ಚಿ ಕೈ ಕೆಳಕ್ಕೆ ಜಗ್ಗುತ್ತಿತ್ತು. ಯಾವುದನ್ನೂ ಸುಮ್ಮನೆ ನಂಬದವನು ಅಂತ ಬೀಗುತ್ತಿದ್ದೆ. ನನ್ನ ಕೈಯೋ, ಪ್ರತಿ ಗುಂಡನ್ನೂ ನಂಬುತ್ತಿತ್ತು.

ಆರನೇ ವಾರ ಮತ್ತೆ ಟಿಕ್ ಅಂತು. ಕೈ ಅಲುಗಲಿಲ್ಲ. ಎಡಗೈ ಎತ್ತಿ, ಕನ್ನಡದಲ್ಲೇ ಮೂವತ್ತು ಎಣಿಸಿದೆ.

"ಪರವಾಗಿಲ್ಲ" ಅಂದರು ಆನ್ಕೆ. ಈ ಊರಲ್ಲಿ ಅದು ಸನ್ಮಾನ.

ಈ ಸಲ ಮಂಜನೂ ನಿಂತೇ ಇದ್ದ. ಕಂಬದ ಹಿಂದೆ.