ಮೆಟ್ಟಿಲಿದ್ದ ಸಮುದ್ರ

ಆ ದಿನ ನಿಜವಾಗಿ ಏನು ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನ ಪ್ರಕಾರ, ನಾನು ಸಣ್ಣವನಿದ್ದಾಗ ಮನೆಯವರೆಲ್ಲ ಗೋವಾಕ್ಕೆ ಹೋಗಿದ್ದೆವು. ಅವ್ವ ಇಳಕಲ್ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಮೆಟ್ಟಿಲಿಳಿದು, ನೀರಿನ ದೇವಿ ಗಂಗವ್ವನ ಉಡಿ ತುಂಬುತ್ತೇನೆಂದು ಅರಿಷಿಣ ಕುಂಕುಮದ ಜೊತೆ ಒಂದು ಕೆಂಪು ಖಣವನ್ನು ಸಮುದ್ರಕ್ಕೆ ಬಿಟ್ಟಳು. ಕುಪ್ಪಸದ ಆ ಬಟ್ಟೆ ನೀರಿನ ಮೇಲೆ ಮಡಿಕೆ ಕೆಡದೆ ನಿಧಾನವಾಗಿ ದೂರ ಸರಿಯಿತು. ಧಾರವಾಡದಲ್ಲಿ ಇತಿಹಾಸ ಓದುವಾಗ ಈ ದೃಶ್ಯವನ್ನು ಎಷ್ಟೋ ಗೆಳೆಯರಿಗೆ ಬಣ್ಣಿಸಿದ್ದೆ. ಎಲ್ಲ ಐತಿಹ್ಯಗಳನ್ನೂ ಅನುಮಾನಿಸುತ್ತಿದ್ದ ನಾನು ಇದೊಂದನ್ನು ಅನುಮಾನಿಸಲಿಲ್ಲ.

ಆದರೆ ಅವ್ವ ತಾನು ಸಮುದ್ರ ನೋಡಿಯೇ ಇಲ್ಲ ಎನ್ನುತ್ತಿದ್ದಳು. ಪ್ರತಿ ರಜೆಯಲ್ಲೂ ಅದೇ ಮಾತು: "ಮೊಣಕಾಲು ಹೋಗೂದ್ರಾಗ ಒಮ್ಮೆ ಸಮುದ್ರ ತೋರಸೋ."

"ನೋಡೀಯಲ್ಲಬೇ," ಎಂದು ನಾನು ಅವಳನ್ನು ಹಂಪಿಗೋ ಐಹೊಳೆಗೋ ಕರೆದೊಯ್ಯುತ್ತಿದ್ದೆ. ನೋಡಿದ್ದನ್ನೇ ಮತ್ತೆ ನೋಡುವುದು ನನಗೆ ಆಗದು. ಪಾಳು ಗೋಡೆಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ.

ಹೋದ ವರ್ಷ ಇಳಕಲ್ಲಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಸಾಕ್ಷಿ ಕೇಳಿದೆ.

"ಗೋವಾಕ್ಕ ಹೋದಾವ್ರು ನೀವು ಅಪ್ಪಾ-ಮಗಾ ಇಬ್ರ. ಅವ್ವ ಆವಾಗ ನನ್ನ ಬಾಣಂತನಕ್ಕ ಇಲ್ಲೇ ಇದ್ಲು."

"ನಿನಗ ನೆನಪು ತಪ್ಪಿರಬೇಕಕ್ಕಾ."

"ಹಡದಾಕಿ ನಾನು, ನೆನಪು ನಿನಗೇನು? ಸುಮ್ನ ಗಾಡಿ ಮಾಡು!"

ಮೌಖಿಕ ಸಾಕ್ಷ್ಯದ ಮಿತಿಗಳನ್ನು ವಿವರಿಸಲು ಹೊರಟೆ. ಅಕ್ಕ ಫೋನು ಇಟ್ಟಿದ್ದಳು.

ಕೊನೆಗೆ ದಸರಾ ರಜೆಯಲ್ಲಿ ಅವ್ವನೂ ನಾನೂ ಬಾಗಲಕೋಟೆಯಿಂದ ಗಾಡಿ ಮಾಡಿಕೊಂಡು, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು. ಪಣಜಿಯ ಹಳೆಯ ಓಣಿಯಲ್ಲಿ ಹಳದಿ, ನೀಲಿ ಮನೆಗಳ ಮುಂದೆ ನಿಂತು ಪೋರ್ಚುಗೀಸರ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ಅವ್ವ ಪೂರ್ತಿ ಕೇಳಿದಳು.

"ಇಷ್ಟ ಛಂದ ಮನಿ ಕಟ್ಟ್ಯಾರ, ಮುಂದೊಂದು ಕಟ್ಟಿ ಹಾಕಿಲ್ಲಲೇ. ಸಂಜೀಕ ಕುಂದರೂದೆಲ್ಲಿ?"

"ಮ್ಯಾಲೆ ಬಾಲ್ಕನಿ ಐತಲ್ಲಬೇ."

"ಅಲ್ಲಿ ಕುಂತ್ರ ಹಾದ್ಯಾಗ ಹೋಗಾವ್ರನ್ನ ಮಾತಾಡ್ಸೂದ್ಹೆಂಗ?"

ಉಪನ್ಯಾಸವನ್ನು ಅಲ್ಲಿಗೇ ಮುಗಿಸಿದೆ. ಬೀಚಿಗೆ ಹೋದೆವು.

ಅವ್ವ ಚಪ್ಪಲಿ ಬಿಟ್ಟು ನೀರಿನಂಚಿನವರೆಗೆ ನಡೆದಳು. ಆಮೇಲೆ, "ಆಚಿ ದಂಡೀನ ಇಲ್ಲಲೇ ಇದಕ್ಕ," ಎಂದಳು. ಅತ್ತಿತ್ತ ನೋಡಿ, "ನೀ ಹೇಳ್ತಿದ್ದ ಮೆಟ್ಟಲಾ ಎಲ್ಲಿ?" ಎಂದು ಕೇಳಿದಳು.

"ತೆರ್ಯಾಗ ಕೊಚ್ಚಿ ಹೋಗಿರಬೇಕು," ಎಂದೆ. ಸಂಶೋಧನೆ ಮಾಡಿದವನು ಅಷ್ಟು ಬೇಗ ಸೋಲುವುದಿಲ್ಲ.

ಅವಳು ಚೀಲದಿಂದ ಗುಳೇದಗುಡ್ಡದ ಖಣ ತೆಗೆದು, ಅರಿಷಿಣ ಕುಂಕುಮ ಹಚ್ಚಿ, ಕೈಮುಗಿದು ನೀರಿಗೆ ಬಿಟ್ಟಳು. ತೆರೆ ಅದನ್ನು ಮುದ್ದೆ ಮಾಡಿ ತಂದು ಅವಳ ಪಾದಕ್ಕೇ ಸುತ್ತಿತು. ಮತ್ತೆ ಬಿಟ್ಟಳು. ಮತ್ತೆ ಬಂತು.

"ಒಲ್ಲೆ ಅಂತಾಳೇನ್ಲೇ ಗಂಗವ್ವ? ನಿನ್ನ ಸಮುದ್ರ ಭಾಳ ಸಂಭಾವಿತ ಇತ್ತು ಬಿಡು."

ಮಡಿಕೆ ಕೆಡದೆ ತೇಲಿಹೋದ ಆ ಖಣ ನೆನಪಾಯಿತು. ಇಂಥ ನೀರಿನಲ್ಲಿ ಅದು ಸಾಧ್ಯವೇ ಇರಲಿಲ್ಲ.

"ಹಂಗಾರ ಆವತ್ತ ಖಣ ಬಿಟ್ಟಿದ್ದೆಲ್ಲಿಬೇ?"

"ಬಾದಾಮ್ಯಾಗ, ಅಗಸ್ತ್ಯತೀರ್ಥದ ಕೆರ್ಯಾಗ. ಅಪ್ಪನ ಕೂಡ ಗೋವಾಕ್ಕ ಹೋಗಿಬಂದ ಹೊಸದ್ರಾಗ ನಿನಗ ನೀರಂದ್ರೆಲ್ಲಾ ಸಮುದ್ರನ. ಮನಿ ನೀರಿನ ತೊಟ್ಟೀನೂ ಸಮುದ್ರನ."

ಅವಳು ಬಾಗಿ, ಬೊಗಸೆಯ ನೀರನ್ನು ತೀರ್ಥದಂತೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. "ಖರೇನ ಉಪ್ಪೈತಿ!" ಎಂದು ನಗುತ್ತ ಮೊಣಕಾಲಿನವರೆಗೆ ನೀರಿಗಿಳಿದಳು. ಮೊದಲ ಸಲ ಸಮುದ್ರ ನೋಡುವವರ ಮುಖ ಹೇಗಿರುತ್ತದೆಂದು ಅಷ್ಟು ಹತ್ತಿರದಿಂದ ಕಂಡ ಮೇಲೆ ವಾದ ಉಳಿಯಲಿಲ್ಲ. ಖಣವನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡಳು. ಗಂಗವ್ವ ತಿರುಗಿ ಕೊಟ್ಟದ್ದನ್ನು ವಾದದಲ್ಲಿ ಗೆದ್ದ ಅಕ್ಕನಿಗೆ ಕೊಡಬೇಕಂತೆ.

ಈ ಮಾತುಗಳು ಇದೇ ಕ್ರಮದಲ್ಲಿ ನಡೆದವೆಂದು ಈಗ ನಾನು ಹೇಳುವುದಿಲ್ಲ. ಹೋದ ತಿಂಗಳು ಬಾದಾಮಿಗೆ ಹೋಗಿ ಒಂದನ್ನು ಮಾತ್ರ ಕಣ್ಣಾರೆ ನೋಡಿ ಬಂದೆ: ಅಗಸ್ತ್ಯತೀರ್ಥಕ್ಕೆ ಮೆಟ್ಟಿಲುಗಳಿವೆ.