ಲೈನಿಗೆಲ್ಲ ಒಂದೇ ಸೋಫಾ

ಹೋದ ತಿಂಗಳು ನಾನು, ನಮ್ಮ ಯಜಮಾನರು, ಮಗಳು ಮೂವರೂ ಶಿವಮೊಗ್ಗದ ಸೋಫಾ ಅಂಗಡಿಯೊಂದಕ್ಕೆ ಹೋಗಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ಹೊಸ ರೆಕ್ಸಿನ್ನಿನ ವಾಸನೆ. ಅಂಗಡಿಯವರು ಎಲ್ ಆಕಾರದ್ದು, ಎಳೆದರೆ ಮಂಚವಾಗುವುದು, ಒರಗಿದರೆ ಕಾಲು ಚಾಚಿಸುವ ರಿಕ್ಲೈನರ್... ಒಂದೊಂದರ ಮೇಲೂ ಕೂರಿಸಿ ತೋರಿಸುತ್ತಿದ್ದರು. ನನ್ನ ಮನಸ್ಸು ಮಾತ್ರ ಭದ್ರಾವತಿಯ ಒಂದು ಮೆರೂನ್ ಸೋಫಾದ ಹತ್ತಿರ ಹೋಗಿ ನಿಂತುಬಿಟ್ಟಿತ್ತು.

ಅದು ನಮ್ಮ ತವರಿನ ಪಕ್ಕದ ಮನೆಯ ದೊಡ್ಡಮ್ಮನದು. ಸಂಬಂಧದಲ್ಲಿ ನಮಗೇನೂ ಆಗಬೇಕಾಗಿರಲಿಲ್ಲ. ಕಾರ್ಖಾನೆ ಕ್ವಾರ್ಟರ್ಸಿನ ಇಡೀ ಲೈನಿಗೇ ಅವರು ದೊಡ್ಡಮ್ಮ. ಸೋಫಾ ಇದ್ದದ್ದೂ ಅವರ ಮನೆಯಲ್ಲಿ ಮಾತ್ರ. ನಾವು ಹುಡುಗಿಯರು ಕೂರಲು ಹೋದರೆ, "ಏಳೇ ಮಾರಾಯ್ತಿ, ಅದು ಬಂದೋರು ಕೂರೋದು" ಎಂದು ಎಬ್ಬಿಸುತ್ತಿದ್ದರು. ಲೈನಿನ ಯಾರ ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೂ ಬೆಳಿಗ್ಗೆಯೇ ಸೋಫಾ ಹೊರಡುತ್ತಿತ್ತು. ಎದುರು ಮನೆಯ ತಮಿಳು ಅಣ್ಣ ಒಂದು ತುದಿ, ನಮ್ಮಪ್ಪ ಇನ್ನೊಂದು ತುದಿ. ಹಿಂದಿನಿಂದ ದೊಡ್ಡಮ್ಮ, "ಬಾಗ್ಲಿಗೆ ತಾಗಿಸ್ಬೇಡಿ, ಅಡ್ಡ ತಿರುಗ್ಸಿ!" ಕೈಯಿಡುವ ಕಡೆ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಕಲೆಯೊಂದಿತ್ತು. ಅದರ ಮೇಲೆ ತಾವೇ ಹೆಣೆದ ಬಿಳಿ ಬಟ್ಟೆ ಹೊದಿಸಿದರೆ ಮುಗಿಯಿತು.

ನನ್ನನ್ನು ನೋಡಿ, "ತಿಳಿಸ್ತೀವಿ" ಎಂದು ಹೋದವರು ಯಾರೂ ತಿಳಿಸಿರಲಿಲ್ಲ. ಅಮ್ಮ ಒಳಗೊಳಗೇ ಸೊರಗಿದ್ದಳು. ಆಯನೂರಿನವರು ಬರುತ್ತಾರೆಂದಾಗ ಹರಕೆ ಹೊತ್ತಳು. ಅವರು ಬಂದರು, ಸೋಫಾದಲ್ಲಿ ಕೂತರು. ನಾನು ಕಾಫಿ ಕೊಟ್ಟು ಎದುರಿನ ಚಾಪೆಯ ಮೇಲೆ ಕೂತೆ. ಹುಡುಗನ ತಾಯಿಯ ಕೈ ತಾಗಿ ಬಿಳಿ ಬಟ್ಟೆ ಸರಿಯಿತು. ಕಲೆ ಕಂಡಿತು. ಮುಚ್ಚಿದರು. ಮತ್ತೆ ತೆಗೆದು ನೋಡಿದರು.

"ಅಲ್ಲಾ, ಈ ಸೋಫಾ ಎಲ್ಲೋ ನೋಡಿದ ಹಾಗಿದೆಯಲ್ಲ..."

ಎರವಲು ಸೋಫಾ ಎಂದು ಗೊತ್ತಾದರೆ ಈ ಸಂಬಂಧವೂ ಹೋಯಿತು ಎಂದುಕೊಂಡು ಅಮ್ಮ ಬಿಳಿಚಿಕೊಂಡಳು. ಅಷ್ಟರಲ್ಲಿ ಅಡುಗೆಮನೆಯಿಂದ ಉಪ್ಪಿಟ್ಟಿನ ತಟ್ಟೆ ಹಿಡಿದು ದೊಡ್ಡಮ್ಮ ಬಂದರು. ಬಂದವರ ಮುಖ ನೋಡಿ ಒಂದು ಗಳಿಗೆ ನಿಂತರು.

"ನೋಡದೆ ಏನು? ಹೋದ ವಾರ ಕೊನೇ ಮನೇಲಿ ಇದರ ಮೇಲೇ ಕೂತು ಕೇಸರಿಬಾತ್ ತಿಂದ್ರಲ್ಲ! ಸೋಫಾ ನಂದು ಕಣ್ರೀ. ಹುಡುಗಿ ಮಾತ್ರ ಇವರ್ದೇ."

ಹುಡುಗನ ತಾಯಿ ಸಂಕೋಚದಿಂದ, "ಅಲ್ಲಿ ಜಾತಕ ಕೂಡಿಬರ್ಲಿಲ್ಲ" ಎಂದರು.

"ಇಲ್ಲಾದ್ರೂ ಕೂಡಿಸ್ಕೊಳ್ಳಿ ಮತ್ತೆ. ಹೊತ್ತೂ ಹೊತ್ತೂ ನಮ್ಮ ಗಂಡಸರ ಸೊಂಟ ಬಿದ್ದುಹೋಗಿದೆ."

ಹುಡುಗ ಜೋರಾಗಿ ನಕ್ಕುಬಿಟ್ಟ. ಆಮೇಲೆ ಅವನ ತಾಯಿ, ಆಮೇಲೆ ನಮ್ಮಮ್ಮ... ಆ ನಗು ಕೇಳಿಯೇ ನಾನು ತಲೆಯೆತ್ತಿ ಅವನನ್ನು ನೋಡಿದ್ದು. ಅವತ್ತು ಅವರು "ತಿಳಿಸ್ತೀವಿ" ಎನ್ನಲಿಲ್ಲ. ಏಳುವ ಮೊದಲೇ ಒಪ್ಪಿಗೆ ಹೇಳಿ ಎದ್ದರು.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಶಿವಗಣಾರಾಧನೆಗೆ ಹೋದಾಗ ಸೋಫಾ ಜಗಲಿಯಲ್ಲಿತ್ತು. ಕೊನೆಯ ಮನೆಯ ಗೆಳತಿಯೂ ದಾವಣಗೆರೆಯಿಂದ ಬಂದಿದ್ದಳು. ಇಬ್ಬರೂ ಅದರ ಮೇಲೆ ಕೂತೆವು. ಯಾರೂ ಎಬ್ಬಿಸಲಿಲ್ಲ. ಈಗ ನಾವೇ ಬಂದೋರು... ಅವಳು ಆ ಕಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಯಾವುದು ಫೈನಲ್ ಮೇಡಂ?" ಅಂಗಡಿಯವರು ಕೇಳಿದರು.

"ಇಬ್ಬರು ಎತ್ತೋ ಹಾಗಿರೋದು ಕೊಡಿ."

"ಯಾಕೆ ಮೇಡಂ, ಮನೆ ಶಿಫ್ಟ್ ಮಾಡ್ತಿದೀರಾ?"

ರಿಕ್ಲೈನರಿನಲ್ಲಿ ಕಾಲು ಚಾಚಿದ್ದ ನಮ್ಮ ಯಜಮಾನರು ಎದ್ದು ಬಂದು, ಮೂವರು ಕೂರುವ ಸಾದಾ ಮರದ ಸೋಫಾವೊಂದರ ತುದಿ ಹಿಡಿದು ಎತ್ತಿ ನೋಡಿದರು.

ಅದೇ ಮನೆಗೆ ಬಂತು. ಕೆಳಗಿನ ಮನೆಯ ಹುಡುಗಿಯನ್ನು ನೋಡಲು ಭಾನುವಾರ ಬರುತ್ತಾರೆಂದು ಗೊತ್ತಾಗಿ, ಸೋಫಾ ಬೇಕಾ ಎಂದು ಕೇಳಲು ಇಳಿದುಹೋದೆ. ಅವರ ಮನೆಯಲ್ಲಿ ನಮ್ಮದಕ್ಕಿಂತ ದೊಡ್ಡದೇ ಇತ್ತು. ಅದರ ಮೇಲೆ ನನ್ನನ್ನು ಕೂರಿಸಿ, ಕಾಫಿ ಕೊಟ್ಟು ಕಳಿಸಿದರು.