ಹಿಡಿ ಮೂಡದ ಕಲ್ಲು

ಕಳೆದ ವಾರ ಮೀರಾ ಮೆಸಾ ಬಡಾವಣೆಯ ನಮ್ಮ ಬೀದಿಯಲ್ಲಿ ಸೈಡ್‌ವಾಕ್ ಕಾಂಕ್ರೀಟ್ ಕೊಯ್ಯುತ್ತಿದ್ದರು. ನೀರಲ್ಲಿ ನೆನೆದ ಕಲ್ಲುಪುಡಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಮೀಟಿಂಗ್ ನಡುವೆಯೇ ಎದ್ದು ಕಿಟಕಿಗೆ ಹೋದೆ... ಪಕ್ಕದ ಮನೆ ಅಂಕಲ್ ಗ್ಯಾರೇಜಿನ ವಾಸನೆ ಅದು.

ಅವರು ಹವಾಯಿಯವರು. ಹಿರಿಯರನ್ನೆಲ್ಲ ಅಂಕಲ್ ಎನ್ನುವುದು ನಮ್ಮಂತೆ ಅವರಲ್ಲೂ ರೂಢಿ. ಲಾಕ್‌ಡೌನಿನ ವರ್ಷ ಬೇಲಿಯಾಚೆಯಿಂದ ದಿನವಿಡೀ ಟಕ್, ಟಕ್ ಎಂಬ ಸದ್ದು. ಏನೆಂದು ನೋಡಲು ಹೋದೆ. ಗ್ಯಾರೇಜಿನ ಬಾಗಿಲು ತೆರೆದು ಕೂತು, ಬೆಂದ ಕೆಸುವಿನ ಗೆಡ್ಡೆ ಜಜ್ಜುವ ಕಲ್ಲೊಂದನ್ನು ಕೆತ್ತುತ್ತಿದ್ದರು. ಉಳಿಯಿಲ್ಲ, ಮಷೀನಿಲ್ಲ, ನೀರು ಚಿಮುಕಿಸಿದ ಕಲ್ಲಿಗೆ ಕಲ್ಲಿನದೇ ಪೆಟ್ಟು. ಅವರ ಅಪ್ಪ, ಅಜ್ಜ ಮಾಡುತ್ತಿದ್ದುದೂ ಹಾಗೆಯೇ.

"ಹೊಡೀಬೇಡಮ್ಮ, ಬೀಳೋಕೆ ಬಿಡು," ಎಂದು ಒಂದು ಪೆಟ್ಟುಗಲ್ಲನ್ನು ನನ್ನ ಕೈಗಿತ್ತರು. ಅವರ ಇಂಗ್ಲಿಷ್ ಯಾಕೋ ನನಗೆ ಕನ್ನಡದಲ್ಲೇ ನೆನಪಾಗುತ್ತದೆ.

ಮಾಸ್ಕ್ ಹಾಕಿಕೊಂಡು ಬಾಗಿಲ ಬಳಿ ಕೂತು ಕಲಿತೆ. ಕಲ್ಲಿನ ಬುಡ ಅಗಲವಾಗಿ ಮೂಡುವಷ್ಟರಲ್ಲಿ ಚಳಿಗಾಲ ಬಂತು. ಕತ್ತು ಸಣ್ಣಗಾಗಿ ಹಿಡಿ ಏಳಬೇಕಾದಲ್ಲಿ ಅವರು ನನ್ನನ್ನು ತಡೆದರು. "ಇಲ್ಲಿ ತಪ್ಪಿದ್ರೆ ಒಡೆದೇ ಹೋಗತ್ತೆ. ನಾನು ತೋರಿಸ್ತೀನಿ, ಆಮೇಲೆ."

ಆಮೇಲೆ ಅವರಿಗೆ ಕೊರೋನಾ ಬಂತು... ಆಂಬುಲೆನ್ಸ್ ಹತ್ತಿಸುವಾಗ ನನ್ನತ್ತ ಕೈ ಎತ್ತಿದರು. ಹಿಂದಿರುಗಲಿಲ್ಲ.

ಮನೆ ಖಾಲಿ ಮಾಡಲು ದೂರದ ಊರು ಡೈಮಂಡ್ ಬಾರ್‌ನಿಂದ ಅವರ ಮಗಳು ಬಂದರು. ಗ್ಯಾರೇಜಿನ ಕಲ್ಲುಗಳನ್ನೆಲ್ಲ ಕಸದ ಟ್ರಕ್ಕಿಗೆ ಹಾಕಿಸುತ್ತಿದ್ದರು. ನಾನು ಓಡಿಹೋಗಿ ರಾಶಿಯಿಂದ ಅಂಕಲ್ ಬಳಸುತ್ತಿದ್ದ ಪೆಟ್ಟುಗಲ್ಲನ್ನು ಹುಡುಕಿ ಆಕೆಯ ಅಂಗೈಯಲ್ಲಿಟ್ಟೆ. ಅಪ್ಪನ ಹೆಬ್ಬೆರಳು ಸವೆಸಿದ ಗುಳಿಯಲ್ಲಿ ಮಗಳ ಹೆಬ್ಬೆರಳು ತಾನಾಗಿ ಕೂತಿತು. ಟ್ರಕ್ಕಿನವರಿಗೆ ನಿಲ್ಲಿಸಿ ಎಂದು ಆಕೆ ಕೈ ಮಾಡಿದರು.

"ಕಲಿಸು ಅಂತ ಅಪ್ಪನ್ನ ನಾನು ಯಾವತ್ತೂ ಕೇಳ್ಲಿಲ್ಲ," ಎಂದರು. "ನೀವು ಕಲಿಸ್ತೀರಾ?"

ಕಲ್ಲುಗಳು ಡೈಮಂಡ್ ಬಾರ್‌ಗೆ ಹೋದವು. ಈಗಲೂ ಬಿಡುವಾದ ಶನಿವಾರ ಅಲ್ಲಿಗೆ ಡ್ರೈವ್ ಮಾಡುತ್ತೇನೆ. ಅಪ್ಪನ ವಿದ್ಯೆಯನ್ನು ಮಗಳಿಗೆ ದಾಟಿಸುತ್ತಿರುವವಳು, ಹವಾಯಿ ದ್ವೀಪಗಳನ್ನು ಕಂಡೇ ಇರದ ಬೆಂಗಳೂರಿನವಳು. ಆಕೆ ಕೆತ್ತುತ್ತಿರುವಾಗ ಒಮ್ಮೊಮ್ಮೆ ಪೆಟ್ಟಿನ ನಡೆ ತಟ್ಟನೆ ಬದಲಾಗುತ್ತದೆ. ಅಂಕಲ್ ಪೆಟ್ಟಿನ ಅದೇ ತೂಕ, ನಡುವೆ ಉಸಿರೆಳೆದುಕೊಳ್ಳುವಷ್ಟು ಅದೇ ತಡೆ... ಇಬ್ಬರೂ ತಲೆ ಎತ್ತುತ್ತೇವೆ. ಮತ್ತೆ ಕಲ್ಲಿನತ್ತ ಬಾಗುತ್ತೇವೆ.

ನಾವು ಹಿಡಿ ಬಿಡಿಸಲು ಹೋದ ಕಲ್ಲುಗಳೆಲ್ಲ ಕತ್ತಿನಲ್ಲೇ ಒಡೆದವು. ಹವಾಯಿಯಲ್ಲಿ ಬಲ್ಲವರಿದ್ದಾರೆ, ಬರುವ ಬೇಸಿಗೆಯಲ್ಲಿ ಇಬ್ಬರೂ ಹೋಗಿ ಕೇಳುವವರಿದ್ದೇವೆ. ಅವರು ಖಂಡಿತ ತೋರಿಸಿಕೊಡುತ್ತಾರೆ. ಆದರೆ ಅದು ಅವರ ಕೈ. ಆ ಜಾಗದಲ್ಲಿ ಅಂಕಲ್ ಕೈ ಹೇಗೆ ತಿರುಗುತ್ತಿತ್ತೋ, ಅದನ್ನು ನೋಡಿದವರು ನಮ್ಮಿಬ್ಬರಲ್ಲಿ ಯಾರೂ ಇಲ್ಲ.